ಮಗಳ ಖರಿ ಕಮಾಯಿ, ಅವ್ವನ ತುಪ್ಪದ ಡಬ್ಬಿ

ಸೋದರಿಯರೆ, ನಿಮ್ಮ ಮನೆಯಲ್ಲಿ ಗೈಡ್ ದಳಕ್ಕೆ ಸೇರಿದ ಹುಡುಗಿ ಇದ್ದರೆ 'ಖರಿ ಕಮಾಯಿ' ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿಯೇ ಇರುತ್ತೀರಿ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಮಕ್ಕಳಿಗೆ ಕಲಿಸುವ ಅಭ್ಯಾಸಗಳಲ್ಲಿ ಇದೂ ಒಂದು. ಮಗು ಯಾರ ಮುಂದೆಯೂ ಕೈಚಾಚಬಾರದು. ತನ್ನ ಕೈಯಾರೆ ಒಂದು ಕೆಲಸ ಮಾಡಿ, ಅದಕ್ಕೆ ಸಿಕ್ಕ ಹಣವನ್ನು ತನ್ನ ದಳಕ್ಕೋ, ಊರಿನ ಒಂದು ಒಳ್ಳೆಯ ಕೆಲಸಕ್ಕೋ ಕೊಡಬೇಕು. ಶಬ್ದ ಹಿಂದಿಯದು, ನಿಜ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕೇ? 'ಖರೇ ಹೇಳು' ಎನ್ನುತ್ತೇವಲ್ಲ, ಆ ಖರೆಯೇ ಇದು. 'ಏನ್ ಕಮಾಯಿ ಮಾಡ್ಯಾನೋ ಏನೋ' ಎನ್ನುತ್ತೇವಲ್ಲ, ಆ ಕಮಾಯಿಯೇ ಇದು.

ಈ ಅಭ್ಯಾಸಕ್ಕೆ ಹೊರದೇಶದಲ್ಲಿ ಒಬ್ಬ ಅಣ್ಣನಿದ್ದಾನೆ. 1949ರಲ್ಲಿ ಇಂಗ್ಲೆಂಡಿನ ಸ್ಕೌಟ್ ಹುಡುಗರು ಒಂದು ಶಿಲಿಂಗಿಗೆ ಒಂದು ಕೆಲಸ ಎಂದು ಮನೆಮನೆಗೆ ಹೋಗಿ ಹುಲ್ಲು ಕತ್ತರಿಸುವ, ಬೂಟು ಉಜ್ಜುವ 'ಬಾಬ್ ಎ ಜಾಬ್' ವಾರವನ್ನು ಶುರು ಮಾಡಿದರು. ಮರುವರ್ಷ, 1950ರ ನವೆಂಬರ್ 7ರಂದು, ನಮ್ಮ ದೇಶದ ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಒಂದಾದವು. 1951ರ ಆಗಸ್ಟ್ 15ರಂದು ಹೆಣ್ಣುಮಕ್ಕಳ ಗೈಡ್ ಸಂಸ್ಥೆಯೂ ಅದರಲ್ಲಿ ಸೇರಿತು. ಅಂದಿನಿಂದ ಹುಡುಗ ಹುಡುಗಿಯರಿಬ್ಬರಿಗೂ ಒಂದೇ ಸಂಸ್ಥೆ, ಇಬ್ಬರಿಗೂ ಒಂದೇ ಖರಿ ಕಮಾಯಿ.

ಆದರೆ ಹುಡುಗನಿಗೆ ಸೈಕಲ್ ಒರೆಸು, ಹಿತ್ತಲ ಹಸನು ಮಾಡು ಎಂದು ಹೇಳುವ ನಾವು ಹುಡುಗಿಗೆ ಏನು ಹೇಳುತ್ತೇವೆ? ಏನಾದರೂ ತಿನ್ನುವುದನ್ನು ಮಾಡಿ ಮಾರು ಎನ್ನುತ್ತೇವೆ. ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆ, ಆಹಾರ ಮೇಳಗಳಲ್ಲೂ ಇದೇ ರೀತಿ. ಹೀಗಾಗಿ ಗಳಿಸುವ ಮಾತು ಮಗಳದಾದರೂ ಅದು ಕೊನೆಗೆ ಬಂದು ನಿಲ್ಲುವುದು ನಮ್ಮ ಒಲೆಯ ಮುಂದೆ. "ಅವ್ವಾ, ನಾಳಿಗೆ ಐವತ್ತು ನಾನಕಟಾಯಿ ಬೇಕಂತ, ಟೀಚರ್ ಹೇಳ್ಯಾರ" ಎಂದು ಮಗಳು ರಾತ್ರಿ ಎಂಟಕ್ಕೆ ಬಂದು ನಿಂತಳೆನ್ನಿ. ತುಪ್ಪದ ಡಬ್ಬಿ ಇಳಿಸುವವರು ಯಾರು? ಸಕ್ಕರೆ ಬೀಸುವವರು ಯಾರು? ಮರುದಿನ ಸಂಜೆ ಶಾಲೆಯಲ್ಲಿ "ಮಕ್ಕಳು ಇಷ್ಟು ಹಣ ಗಳಿಸಿದರು" ಎಂದು ಚಪ್ಪಾಳೆ ತಟ್ಟುವಾಗ ಆ ಗಳಿಕೆ ಯಾರ ಡಬ್ಬಿಯಿಂದ ಬಂತೆಂದು ಲೆಕ್ಕ ಇಟ್ಟವರು ಯಾರು? ಈ ಲೇಖನ ಬರೆಯಲು ಕುಳಿತದ್ದೇ ಆ ಲೆಕ್ಕಕ್ಕಾಗಿ.

ಹುಡುಗಿಯರು ಬಿಸ್ಕೀಟು ಮಾರಿ ಹಣ ಕೂಡಿಸುವ ಪದ್ಧತಿ ಜಗತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಗೈಡುಗಳಿಗೆ ಗರ್ಲ್ ಸ್ಕೌಟ್ ಎಂದು ಹೆಸರು. ಬಿಸ್ಕೀಟಿಗೆ ಕುಕ್ಕಿ ಎನ್ನುತ್ತಾರೆ. 1917ರಲ್ಲಿ ಒಕ್ಲಹೋಮ ರಾಜ್ಯದ ಮಸ್ಕೋಗಿ ಎಂಬ ಊರಿನ ಒಂದು ದಳದ ಹುಡುಗಿಯರು ಮನೆಯಲ್ಲಿ ಸುಟ್ಟ ಕುಕ್ಕಿಗಳನ್ನು ತಂದು ತಮ್ಮ ಹೈಸ್ಕೂಲಿನ ಊಟದ ಕೋಣೆಯಲ್ಲಿ ಮಾರಿದರು. ಮೊದಲು ಹೀಗೆ ಮಾರಿದವರು ಅವರೇ ಎನ್ನುತ್ತಾರೆ. ಆಗಲೂ ಸುಟ್ಟದ್ದು ಮನೆಯ ಒಲೆಯಲ್ಲೇ, ಪಕ್ಕದಲ್ಲಿ ನಿಂತವರು ತಾಯಂದಿರೇ.

ಐದು ವರ್ಷದ ನಂತರ, 1922ರ ಜುಲೈಯಲ್ಲಿ, ಆ ಸಂಸ್ಥೆಯ ಹುಡುಗಿಯರ ಪತ್ರಿಕೆಯಲ್ಲಿ ಶಿಕಾಗೋದ ಫ್ಲಾರೆನ್ಸ್ ನೀಲ್ ಎಂಬಾಕೆ ಒಂದು ಸಾದಾ ಕುಕ್ಕಿಯನ್ನು ಮಾಡುವ ಬಗೆ ಬರೆದರು. ನಮ್ಮ ಈ ಪತ್ರಿಕೆಯಲ್ಲಿ ಹೊಸರುಚಿ ಬರುತ್ತದಲ್ಲ, ಹಾಗೆ. ಆದರೆ ಆಕೆ ಬರೀ ಅಳತೆ ಬರೆದು ಸುಮ್ಮನಾಗಲಿಲ್ಲ. ಆರೇಳು ಡಜನ್ ಕುಕ್ಕಿಗೆ ಸಾಮಾನಿನ ಖರ್ಚು 26ರಿಂದ 36 ಸೆಂಟ್ ಬೀಳುತ್ತದೆ, ಡಜನ್ನಿಗೆ 25ರಿಂದ 30 ಸೆಂಟಿನಂತೆ ಮಾರಬಹುದು ಎಂದು ದರವನ್ನೂ ಸೇರಿಸಿದರು. ಅಂದರೆ ಸಾಮಾನಿನ ಖರ್ಚೆಲ್ಲ ಹೆಚ್ಚುಕಡಿಮೆ ಒಂದೇ ಡಜನ್ನಿನಲ್ಲಿ ಮರಳಿತು, ಉಳಿದ ಐದಾರು ಡಜನ್ ಪೂರ್ತಿ ಲಾಭ! ಅಡುಗೆ ಪುಟದಲ್ಲಿ ಖರ್ಚಿನ ಲೆಕ್ಕ ಬರೆದ ಆ ಹೆಣ್ಣುಮಗಳಿಗೆ ಶಾಭಾಸ್ ಎನ್ನಬೇಕು. ಆದರೆ ಲೆಕ್ಕದಲ್ಲಿ ಒಲೆಯ ಉರುವಲು ಇಲ್ಲ, ಸುಟ್ಟವಳ ಮಧ್ಯಾಹ್ನವೂ ಇಲ್ಲ. ಅದನ್ನೂ ಗಮನಿಸಬೇಕು.

ಮುಂದೆ 1930ರ ದಶಕದಲ್ಲಿ ಫಿಲಡೆಲ್ಫಿಯ ನಗರದ ದಳಗಳು ಬೇಕರಿಯವರಿಂದಲೇ ಕುಕ್ಕಿ ಮಾಡಿಸಿ ಪೆಟ್ಟಿಗೆ ಕಟ್ಟಿ ಮಾರಿದವು. 1936ರಿಂದ ಇಡೀ ದೇಶಕ್ಕೇ ಬೇಕರಿಗಳಿಗೆ ಪರವಾನಗಿ ಕೊಡುವ ಪದ್ಧತಿ ಬಂತು. ಎರಡನೇ ಮಹಾಯುದ್ಧದ ಕಾಲಕ್ಕೆ ಸಕ್ಕರೆ, ಹಿಟ್ಟು, ಬೆಣ್ಣೆ ಸಿಗದಾದಾಗ ಹುಡುಗಿಯರು ಕ್ಯಾಲೆಂಡರ್ ಮಾರಿ ವರ್ಷ ದಾಟಿಸಿದರು. ಈಗ ಒಂದೊಂದು ಹಂಗಾಮಿನಲ್ಲಿ ಸುಮಾರು 20 ಕೋಟಿ ಪೆಟ್ಟಿಗೆ ಮಾರುತ್ತಾರಂತೆ. ತಾಯಂದಿರ ಒಲೆ ತಪ್ಪಿತು. ಆದರೆ ಹುಡುಗಿಯರ ಕೈಯ ಕೆಲಸವೂ ತಪ್ಪಿತು. ಅವರ ಪಾಲಿಗೆ ಉಳಿದದ್ದು ಮಾರುವುದು ಮಾತ್ರ. ಅಪ್ಪ ಅವ್ವಂದಿರು ತಮ್ಮ ಆಫೀಸಿನಲ್ಲಿ ಪಟ್ಟಿ ಹಿಡಿದು ಅದನ್ನೂ ಮಾರಿಕೊಡುತ್ತಾರೆ ಎಂಬ ದೂರು ಅಲ್ಲಿಯೂ ಉಂಟು. ಅಂದರೆ ಎಲ್ಲಿ ಹೋದರೂ ಮಕ್ಕಳ ಗಳಿಕೆಯಲ್ಲಿ ಹಿರಿಯರ ಬೆವರು ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ನಮ್ಮ ಕಡೆಗೆ ಬರೋಣ. ಊರ ಕೆಲಸಕ್ಕೆ ಹಣ ಕೂಡಿಸುವುದು ನಮಗೆ ಹೊಸದೇನಲ್ಲ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋಗಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಅದು ಅರಸರಂಥವರ ದಾನ. ಅಷ್ಟಿಲ್ಲದವರದು ಪಟ್ಟಿ. ಗಣಪತಿಗೆ ಪಟ್ಟಿ, ಜಾತ್ರೆಗೆ ಪಟ್ಟಿ, ಗುಡಿಯ ಕಳಸಕ್ಕೆ ಪಟ್ಟಿ. ಓಣಿಯ ಹುಡುಗರು ಪಾವತಿ ಪುಸ್ತಕ ಹಿಡಿದು ಬಂದರೆ ಕೊಡದೆ ಬಿಡುವ ಹಾಗಿಲ್ಲ. ಹೆಣ್ಣುಮಕ್ಕಳದು ಇವೆರಡಕ್ಕಿಂತ ಬೇರೆ: ನಾವು ಹಣ ಕೊಡುವುದಿಲ್ಲ, ರೊಟ್ಟಿ ಕೊಡುತ್ತೇವೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿ ಹೋಗುವುದನ್ನು, ಗದಗ ಜಿಲ್ಲೆಯ ಡಂಬಳದಲ್ಲಿ ರೊಟ್ಟಿ ಜಾತ್ರೆಯೇ ನಡೆಯುವುದನ್ನು ನೀವು ಬಲ್ಲಿರಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನುಗ್ಗಿ, ನೇಕಾರರ ಮಗ್ಗದ ಕುಣಿಯಲ್ಲಿ ನೀರು ನಿಂತಾಗ, ನೆರೆ ಬಂದ ಊರುಗಳಿಗೆ ಎಲ್ಲಕ್ಕಿಂತ ಮೊದಲು ಹೋದದ್ದು ಕಟಕ ರೊಟ್ಟಿಯ ಗಂಟು ಮತ್ತು ಶೇಂಗಾ ಚಟ್ನಿ.

ಆಗ ಯಾರೂ ಲೆಕ್ಕ ಕೇಳಲಿಲ್ಲ, ಕೇಳಬಾರದು ಕೂಡ. ಹಸಿದವರಿಗೆ ಕೊಟ್ಟ ರೊಟ್ಟಿಗೆ ಬೆಲೆ ಕಟ್ಟುವವರುಂಟೇ? ಆದರೆ ಮಾರುವುದಕ್ಕೆಂದು ಮಾಡಿದ ಮೇಲೆ ಅದು ದಾನವಲ್ಲ. ದಾನದ ಉದಾರತನವನ್ನು ಮಾರಾಟಕ್ಕೆ ತಂದರೆ ಲೆಕ್ಕ ಕೆಡುತ್ತದೆ. ಮಾರಾಟದ ಲೆಕ್ಕವನ್ನು ದಾನಕ್ಕೆ ತಂದರೆ ಮನಸ್ಸು ಕೆಡುತ್ತದೆ.

ಇನ್ನೊಂದು ತೊಡಕುಂಟು. ತಿನ್ನುವುದನ್ನು ಮಾರುವುದೆಂದರೆ ಅನೇಕ ಮನೆಗಳಲ್ಲಿ ಹಿರಿಯರು ಮೂಗು ಮುರಿಯುತ್ತಾರೆ. "ಅನ್ನಾ ಮಾರಿಕೊಳ್ಳೋ ಹೊತ್ತು ಬಂದೈತೇನವಾ ನಮಗ? ಹೆಣ್ಣು ಹುಡಿಗ್ಯಾರ ಕೈಯಾಗ ಬುಟ್ಟಿ ಕೊಟ್ಟು ಮನಿಮನಿಗೆ ಕಳಸ್ತೀರೇನು?" ಎಂದು ಅತ್ತೆ ಕೇಳಿದರೆ ಸೊಸೆಗೆ ಉತ್ತರ ಸಿಗುವುದು ಕಷ್ಟ. ಮೊದಲ ಮಾತಿಗೆ ಉತ್ತರ ಸುಲಭವಾಗಿಯೇ ಇದೆ. ನಮ್ಮ ಪ್ರತಿ ಊರಿನಲ್ಲೂ ಖಾನಾವಳಿಗಳಿವೆ. ರೊಟ್ಟಿ ಬಡಿದು ಮಾರಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಜನ. ಅವರ ಮುಂದೆ ಈ ಮಾತಾಡಲು ಯಾರಿಗೆ ಬಾಯಿ ಬಂದೀತು?

ಎರಡನೆಯ ಮಾತು ಮಾತ್ರ ಹಗುರವಲ್ಲ. ಸವದತ್ತಿಯ ಗುಡ್ಡದ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಬುಟ್ಟಿ ಹಿಡಿದು ಬಾಗಿಲಿಗೆ ಬಂದು ನಿಂತರೆ ಹಿರಿಯರಿಗೆ ನೆನಪಾಗುವುದು ಎಲ್ಲಮ್ಮನ ಪಡಲಗಿ. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುವುದು ಭಕ್ತಿಯ ನೇಮವಾಗಿ ಎಷ್ಟೋ ಮನೆಗಳಲ್ಲಿ ನಡೆದು ಬಂದದ್ದು. ಆದರೆ ಅದೇ ಬುಟ್ಟಿಯ ಹಿಂದೆ, ಮುತ್ತು ಕಟ್ಟಿಸಿಕೊಂಡು ಬಾಳು ಕಳೆದುಕೊಂಡ ಹುಡುಗಿಯರ ಕಥೆಯೂ ಇದೆ. ಆ ಪದ್ಧತಿಯನ್ನು ನಿಲ್ಲಿಸಲೆಂದು ಕರ್ನಾಟಕದಲ್ಲಿ 1982ರಲ್ಲಿ ಕಾಯ್ದೆಯೇ ಬರಬೇಕಾಯಿತು. ಹಾಗಾಗಿ ಅತ್ತೆಯ ಅಳುಕನ್ನು 'ಹಳೇ ಕಾಲದವರು' ಎಂದು ತಳ್ಳಿಹಾಕಬೇಡಿ. ಆ ಅಳುಕಿಗೆ ಬೇರಿದೆ.

ಆ ಕಾರಣಕ್ಕೇ ಈ ಸೀಮೆಯ ಹುಡುಗಿ ಬೆಲೆ ಬರೆದ ಪೊಟ್ಟಣ ಹಿಡಿದು, "ಅಕ್ಕಾರ, ಎಪ್ಪತ್ತು ರೂಪಾಯಿ ಆಗತೈತ್ರಿ. ಈ ರೊಕ್ಕ ನಮ್ಮ ಸಾಲಿ ಗ್ರಂಥಾಲಯದ ಕಪಾಟಿಗೆ ಹೋಗ್ತದ" ಎಂದು ನೆಟ್ಟಗೆ ನಿಂತು ಹೇಳುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಅವಳು ಬೇಡುತ್ತಿಲ್ಲ. ಕೊಡುವವರ ಕೈ ಮೇಲೆ, ಬೇಡುವವರ ಕೈ ಕೆಳಗೆ ಎಂಬುದು ಅಲ್ಲಿಲ್ಲ. ಎರಡೂ ಕೈ ಒಂದೇ ಮಟ್ಟಕ್ಕೆ ಇರುತ್ತವೆ. ಬೇಡವೆಂದರೆ "ಆತು ಬಿಡ್ರಿ" ಎಂದು ಮುಂದಿನ ಮನೆಗೆ ಹೋಗುತ್ತಾಳೆ.

ನಮ್ಮ ಹೆಣ್ಣುಮಕ್ಕಳು ಸಾರ್ವಜನಿಕ ಕೆಲಸಕ್ಕೆ ಹೊಸ್ತಿಲು ದಾಟಿದ್ದು ಇದೇ ಮೊದಲಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಡಾ. ನಾ. ಸು. ಹರ್ಡೀಕರರ ಸೇವಾದಳಕ್ಕೆ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಕೂಡಿಸಿದ್ದರು. ಅವರಲ್ಲಿ ವಿಧವೆಯರೂ ಇದ್ದರು. ನೂರು ವರ್ಷದ ಹಿಂದೆ, ಕೋಣೆಯ ಮೂಲೆಯಲ್ಲಿ ಕೂಡಬೇಕೆಂದು ಜಗತ್ತು ಹೇಳುತ್ತಿದ್ದವರು ಅವರು! ಅವರ ಮೊಮ್ಮಕ್ಕಳ ಮಕ್ಕಳು ಓಣಿಯಲ್ಲಿ ಉಂಡಿ ಮಾರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಲೆಕ್ಕಕ್ಕೆ ಬರಲೇಬೇಕು. ಪೆನ್ಸಿಲು ತೆಗೆದುಕೊಳ್ಳಿ. ದರಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಾಗಿ ಹಿಡಿದಿದ್ದೇನೆ. ನಿಮ್ಮ ಊರಿನ ಪೇಟೆ ದರ ಹಾಕಿ ನೀವೇ ತಿದ್ದಿಕೊಳ್ಳಿ.

ಅರವತ್ತು ನಾನಕಟಾಯಿಗೆ ತುಪ್ಪ 350 ಗ್ರಾಂ. ಕಿಲೋಗೆ 600 ಎಂದರೆ 210 ರೂಪಾಯಿ ಅದಕ್ಕೇ ಹೋಯಿತು. ಮೈದಾ 20, ಕಡಲೆ ಹಿಟ್ಟು 10, ಸಕ್ಕರೆ 15, ರವೆ ಏಲಕ್ಕಿ ಸೋಡಾ ಎಲ್ಲ ಸೇರಿ 13. ಒಟ್ಟು 268. ಬೇಕರಿಯ ಭಟ್ಟಿಯಲ್ಲಿ ಸುಡಿಸಿದರೆ 40 ಎನ್ನಿ. ಹತ್ತರಂತೆ ಆರು ಪೊಟ್ಟಣ, ಚೀಟಿ ಸಹಿತ 18. ಇಲ್ಲಿಗೆ 326 ಆಯಿತು. ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ನಾನು ನಿಲ್ಲಿಸುವುದಿಲ್ಲ. ಹಿಟ್ಟು ನಾದಿ, ಉಂಡೆ ಮಾಡಿ, ಭಟ್ಟಿಗೆ ಹೊತ್ತೊಯ್ದು ತಂದು ಪೊಟ್ಟಣ ಕಟ್ಟುವುದಕ್ಕೆ ಎರಡು ತಾಸಂತೂ ಬೇಕು. ತಾಸಿಗೆ 50 ರೂಪಾಯಿ ಹಿಡಿದರೂ 100. ಈಗ 426. ಪೊಟ್ಟಣಕ್ಕೆ 71 ರೂಪಾಯಿ ಬಿತ್ತು.

ಇದನ್ನು 60 ರೂಪಾಯಿಗೆ ಮಾರಿದರೆ ಶಾಲೆಯಲ್ಲಿ 360 ರೂಪಾಯಿ 'ಗಳಿಕೆ' ಎಂದು ಬರೆಯುತ್ತಾರೆ. ಸಾಮಾನು ಅವ್ವನ ಮನೆಯದು, ದುಡಿಮೆ ಅವ್ವನದು, ಹೀಗಾಗಿ ಖರ್ಚು ಸೊನ್ನೆ! ಖರೆ ನೋಡಿದರೆ ಮನೆಯಿಂದ 426 ಹೋಗಿ ಶಾಲೆಗೆ 360 ಬಂತು. ನಡುವೆ 66 ರೂಪಾಯಿ ಸೋರಿತು. ಅದಕ್ಕಿಂತ ಮನೆಯವರು ಮುನ್ನೂರಾ ಅರವತ್ತು ರೂಪಾಯಿಯನ್ನು ನೇರವಾಗಿ ಪಟ್ಟಿ ಕೊಟ್ಟಿದ್ದರೆ ಅಗ್ಗವಾಗುತ್ತಿತ್ತು, ಅವ್ವನಿಗೆ ಎರಡು ತಾಸು ನಿದ್ದೆಯಾದರೂ ಸಿಗುತ್ತಿತ್ತು. 90ಕ್ಕೆ ಮಾರಿದರೆ ಒಟ್ಟು 114 ಉಳಿಯುತ್ತದೆ. ಹತ್ತು ನಾನಕಟಾಯಿಗೆ 90 ಕೊಡುವವರು ನಮ್ಮ ಓಣಿಯಲ್ಲಿ ಎಷ್ಟು ಮಂದಿ, ನೀವೇ ಹೇಳಿ.

ಈಗ ಅದೇ ಅರವತ್ತು ಶೇಂಗಾ ಉಂಡಿಯ ಲೆಕ್ಕ ನೋಡಿ. ಶೇಂಗಾ ಒಂದು ಕಿಲೋ 140, ಬೆಲ್ಲ 700 ಗ್ರಾಂ 42, ಏಲಕ್ಕಿ 8, ಹುರಿಯುವ ಗ್ಯಾಸಿಗೆ 10. ಒಟ್ಟು 200. ಪೊಟ್ಟಣಕ್ಕೆ 18. ಒಂದೂವರೆ ತಾಸಿನ ಕೆಲಸ, 75. ಎಲ್ಲ ಸೇರಿ 293, ಪೊಟ್ಟಣಕ್ಕೆ ಹತ್ತಿರ ಹತ್ತಿರ 49. ಎಪ್ಪತ್ತಕ್ಕೆ ಮಾರಿ, ಅವ್ವನ ಕೂಲಿ ಕಳೆದ ಮೇಲೂ 127 ಉಳಿಯಿತು. ಕೊಂಡವರಿಗೂ ಇಪ್ಪತ್ತು ರೂಪಾಯಿ ಕಡಿಮೆ ಬಿತ್ತು. ಭಟ್ಟಿಯ ಹಂಗಿಲ್ಲ. ಮುಖ್ಯವಾಗಿ, ಶೇಂಗಾ ಹುರಿದು ಸಿಪ್ಪೆ ತೆಗೆದು ಕುಟ್ಟಿ ಉಂಡಿ ಕಟ್ಟುವುದನ್ನು ಹನ್ನೆರಡು ವರ್ಷದ ಹುಡುಗಿಯರು ತಾವೇ ಮಾಡಬಲ್ಲರು. ನಾವು ಪಕ್ಕದಲ್ಲಿ ಕೂತು ಒಲೆಯ ಮೇಲೆ ಒಂದು ಕಣ್ಣಿಟ್ಟರೆ ಸಾಕು. ಅಮೆರಿಕದವರು ಕುಕ್ಕಿ ಮಾರಿದರೆಂದು ನಾವೂ ಅದನ್ನೇ ಮಾರಬೇಕೆಂದೇನಿಲ್ಲವಲ್ಲ. ಅವರು ಮಾರಿದ್ದು ಅವರ ಮನೆಯ ತಿಂಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿ ಪುಡಿ, ಇವೆಲ್ಲ ನಮ್ಮವು. ಕೆಡದೆ ನಿಲ್ಲುವಂಥವು ಕೂಡ.

ಅವ್ವನ ಕೂಲಿಯನ್ನು ಕೈಗೆ ತೆಗೆದುಕೊಳ್ಳಬೇಕೇ ಎಂದು ಕೇಳುತ್ತೀರಿ. ಅದು ನಿಮ್ಮ ಇಷ್ಟ. ಬೇಡವೆಂದರೆ ಬಿಟ್ಟುಕೊಡಿ. ಆದರೆ ವಹಿಯಲ್ಲಿ 'ತಾಯಂದಿರ ದುಡಿಮೆ: ಇಷ್ಟು ರೂಪಾಯಿ, ದೇಣಿಗೆ' ಎಂದು ಒಂದು ಸಾಲು ಬರೆಸಿ. ತುಪ್ಪವೋ ಬೆಲ್ಲವೋ ಮನೆಯಿಂದ ಹೋದರೆ ಅದನ್ನೂ ಬರೆಸಿ. ಮಗಳು ತನ್ನ ಕೈಯಿಂದಲೇ ಆ ಸಾಲು ಬರೆಯಲಿ. ಅವ್ವನ ಸಮಯಕ್ಕೂ ಬೆಲೆಯಿದೆ ಎಂದು ಅವಳಿಗೆ ಯಾವ ಪಾಠದ ಪುಸ್ತಕ ಹೇಳಿಕೊಟ್ಟೀತು?

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ರೂಢಿಗಿಂತ ಹೆಚ್ಚು ತಂದಾಗ ಆಕೆ ಅದನ್ನು ತಿರುಗಿ ಅಲ್ಲೇ ಸುರಿದು ಬರಲು ಕಳಿಸಿದಳು. ದಾಸೋಹಕ್ಕೆ ಬೇಕಾದಷ್ಟು ಅಕ್ಕಿ ಎಷ್ಟೆಂದು ಅಳೆದು ನೋಡಿದವಳು ಮನೆಯ ಹೆಂಡತಿ. ಲೆಕ್ಕ ಕೇಳುವ ಹೆಂಗಸು ಜುಗ್ಗಿ ಎಂದು ಯಾರಾದರೂ ಹೇಳಿದರೆ ಆಕೆಯ ಹೆಸರು ಹೇಳಿ ಸಾಕು.

ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾರುವ ಮೊದಲೇ ಗೊತ್ತು ಮಾಡಬೇಕು. 'ದಳದ ನಿಧಿಗೆ' ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಸಮವಸ್ತ್ರ ಹೊಲಿಸಲಾಗದ ನಾಲ್ಕು ಹುಡುಗಿಯರಿಗೆ ಸಮವಸ್ತ್ರ, ಶಾಲೆಗೆ ನೀರಿನ ಫಿಲ್ಟರು, ಇಲ್ಲವೆ ದೂರದ ಶಿಬಿರಕ್ಕೆ ಬಸ್ಸಿನ ಖರ್ಚು, ಹೀಗೆ ಒಂದೇ ಒಂದು ಕೆಲಸ, ಕಣ್ಣಿಗೆ ಕಾಣುವಂಥದು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಎಷ್ಟು ದೂರದೂರದಿಂದ ಮಕ್ಕಳು ಹೋಗಿದ್ದರು! ಅಂಥ ಕಡೆಗೆ ಕಳಿಸಲು ತಂದೆ ತಾಯಿಗೆ ಅನುಕೂಲವಿಲ್ಲದ ಹುಡುಗಿ ಪ್ರತಿ ಶಾಲೆಯಲ್ಲೂ ಒಬ್ಬಳಾದರೂ ಇರುತ್ತಾಳೆ. ಆದರೆ ಅವಳ ಹೆಸರು ಹೇಳಿ ಮಾರಬೇಡಿ. ಅದು ಅವಳ ಮೇಲೆ ಬರೆ ಎಳೆದಂತೆ.

ಹಾಗೆಯೇ, ಯಾರು ಹೆಚ್ಚು ಮಾರಿದರೆಂದು ಬಹುಮಾನ ಇಡುವುದೂ ನನಗೆ ಸರಿಬರುವುದಿಲ್ಲ. ಅಡತಿ ಅಂಗಡಿಯವರ ಮಗಳು ಒಂದೇ ಸಂಜೆಗೆ ನಲವತ್ತು ಪೊಟ್ಟಣ ಮಾರಿಯಾಳು. ನೇಕಾರರ ಮಗಳು ಎರಡು ದಿನ ತಿರುಗಿದರೂ ಆರು ಹೋಗಲಿಕ್ಕಿಲ್ಲ. ಅವಳ ಕಾಲು ಕಡಿಮೆ ನಡೆದಿವೆಯೇ? ಮಾರದೆ ಉಳಿದ ಪೊಟ್ಟಣವನ್ನು ಮಗುವಿನ ಮನೆಯವರೇ ಕೊಳ್ಳಬೇಕು ಎಂಬ ಕಟ್ಟಳೆ ಕೆಲವು ಕಡೆ ಇರುತ್ತದೆ. ಅದನ್ನಂತೂ ತಾಯಂದಿರು ಸಭೆಯಲ್ಲೇ ಎದ್ದು ನಿಂತು ಬೇಡವೆನ್ನಬೇಕು.

ಎಲ್ಲಿ ಮಾರಬೇಕು? ಮೊದಲು ನಿಮ್ಮದೇ ಓಣಿ, ಗುರುತಿನ ಮನೆಗಳು. ಇಬ್ಬಿಬ್ಬರಾಗಿ ಹೋಗಲಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಲಿ, ಯಾರ ಮನೆಯ ಒಳಗೂ ಹೋಗುವುದು ಬೇಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡದಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ, ಅಲ್ಲಿ ಮಾರಿದರೆ ಕ್ಷಣದಲ್ಲಿ ಖಾಲಿ ಎಂದು ಆಸೆಯಾಗುತ್ತದೆ. ನನ್ನ ಮಾತು ಕೇಳುವುದಾದರೆ ಬೇಡ. ಆ ಗದ್ದಲದಲ್ಲಿ ಮಕ್ಕಳ ಮೇಲೆ ಕಣ್ಣಿಡುವುದು ಆಗದ ಮಾತು. ಬಂದವರೂ ಬುತ್ತಿ ಕಟ್ಟಿಕೊಂಡೇ ಬಂದಿರುತ್ತಾರೆ. ಅದಕ್ಕಿಂತ ಪ್ರತಿವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ ಒಳ್ಳೆಯದು. 1824ರಲ್ಲಿ ಚೆನ್ನಮ್ಮನ ಪಡೆ ಥ್ಯಾಕರೆಯನ್ನು ಸೋಲಿಸಿದ ದಿನ ಅದು. ಸ್ತ್ರೀಶಕ್ತಿ ಗುಂಪುಗಳು ಅಲ್ಲಿ ಅಂಗಡಿ ಹಾಕುತ್ತವೆ. ಯಾವುದಾದರೂ ಗುಂಪಿನವರನ್ನು ಕೇಳಿಕೊಂಡು ಅವರ ಮೇಜಿನ ಒಂದು ಬದಿಗೆ ಹುಡುಗಿಯರನ್ನು ಶಿಕ್ಷಕಿಯ ಜೊತೆ ಕೂಡಿಸಬಹುದು. ಗುಂಪಿನ ಅಕ್ಕಂದಿರು ಗಿರಾಕಿಯ ಜೊತೆ ಮಾತಾಡುವ ಜಾಣತನವನ್ನು ಪಕ್ಕದಲ್ಲಿ ಕೂತು ನೋಡುವುದೂ ಒಂದು ಪಾಠ.

ರೊಕ್ಕದ ವಿಷಯದಲ್ಲಿ ಎರಡು ಮಾತು. ಈಗ ಎಲ್ಲರೂ ಮೊಬೈಲಿನಿಂದಲೇ ಹಣ ಹಾಕುತ್ತಾರೆ. ಯಾರದೋ ಒಬ್ಬರ ಸ್ವಂತ ಖಾತೆಗೆ ಹಾಕಿಸಿದರೆ ಎಂಥ ಪ್ರಾಮಾಣಿಕರ ಮೇಲೂ ಆಮೇಲೆ ಗುಸುಗುಸು ಹುಟ್ಟುತ್ತದೆ. ಶಾಲೆಯ ಅಥವಾ ದಳದ ಖಾತೆ ಇದ್ದರೆ ಅದಕ್ಕೇ ಹೋಗಲಿ, ಇಲ್ಲವಾದರೆ ಕೈಯಲ್ಲೇ ರೊಕ್ಕ ಪಡೆದು ಡಬ್ಬಿಯಲ್ಲಿ ಹಾಕಿ ಅಂದಂದೇ ಎಣಿಸಿ. ಮುಗಿದ ಮೇಲೆ ಒಬ್ಬ ಹುಡುಗಿ ಇಡೀ ಲೆಕ್ಕವನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಓದಲಿ. ಕೊಂಡವರ ಮನೆಗೂ ಒಂದು ಚೀಟಿ ಹೋಗಲಿ: ಇಷ್ಟು ಮಾರಿದೆವು, ಇಷ್ಟು ಖರ್ಚು, ಇಷ್ಟು ಉಳಿಯಿತು, ಕಪಾಟು ಬಂತು. ಮುಂದಿನ ವರ್ಷ ಅದೇ ಬಾಗಿಲು ತಾನಾಗಿ ತೆರೆಯುತ್ತದೆ.

ತಿನ್ನುವ ಪದಾರ್ಥವಾದ್ದರಿಂದ ಶುದ್ಧಿಯ ಬಗ್ಗೆ ಹೆದರಿಕೆ ಇರಲೇಬೇಕು. ಶೇಂಗಾ ಹುರಿಯುವ ಮೊದಲು ಮೊರದಲ್ಲಿ ಹರವಿ, ಕಪ್ಪಾದ, ಮುರುಟಿದ, ಬೂಷ್ಟು ಹಿಡಿದ ಕಾಳನ್ನು ಒಂದೂ ಬಿಡದೆ ಆರಿಸಿ ಚೆಲ್ಲಿ. ಬೂಷ್ಟಿನಲ್ಲಿ ಹುಟ್ಟುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೆಟ್ಟದ್ದು. ಹಾಲು, ಖವಾ, ಹಸಿ ಕೊಬ್ಬರಿ ಹಾಕಿದ್ದನ್ನು ಮಕ್ಕಳ ಕೈಲಿ ಮಾರಿಸಬೇಡಿ. ಪೊಟ್ಟಣದ ಚೀಟಿಯ ಮೇಲೆ ಮಾಡಿದ ತಾರೀಖು, ಹಾಕಿದ ಪದಾರ್ಥಗಳು ಎರಡನ್ನೂ ಬರೆಯಿರಿ. ಶೇಂಗಾ ಒಗ್ಗದ ಮಕ್ಕಳೂ ಇರುತ್ತಾರೆ. ವರ್ಷಕ್ಕೊಮ್ಮೆ ಮಾಡುವುದನ್ನು ಬಿಟ್ಟು ವರ್ಷವಿಡೀ ಮಾರುತ್ತೇವೆಂದು ಗುಂಪು ಕಟ್ಟುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಂತೆ ಹೆಸರು ನೋಂದಾಯಿಸಬೇಕು. ಅದನ್ನು ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಶೇಂಗಾ ಉಂಡಿಯನ್ನು ನಿಮಗೆ ಹೇಳಿಕೊಡುವ ಸಾಹಸ ಮಾಡುವುದಿಲ್ಲ. ಆದರೆ ನಾನಕಟಾಯಿಯೇ ಬೇಕೆಂದು ಮಗಳು ಹಟ ಹಿಡಿದರೆ, ಮೇಲೆ ಹೇಳಿದ ಅರವತ್ತರ ಅಳತೆ ಇಲ್ಲಿದೆ. ಮೈದಾ ಅರ್ಧ ಕಿಲೋ, ಕಡಲೆ ಹಿಟ್ಟು 100 ಗ್ರಾಂ, ಸಣ್ಣ ರವೆ 50 ಗ್ರಾಂ, ಪುಡಿ ಮಾಡಿದ ಸಕ್ಕರೆ 325 ಗ್ರಾಂ, ಗಟ್ಟಿ ತುಪ್ಪ 350 ಗ್ರಾಂ, ಅರ್ಧ ಚಹಾ ಚಮಚ ಅಡುಗೆ ಸೋಡಾ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ತುಪ್ಪ, ಸಕ್ಕರೆಯನ್ನು ಪರಾತದಲ್ಲಿ ಹಾಕಿ ಅಂಗೈಯಿಂದ ಬೆಳ್ಳಗೆ ಹಗುರಾಗುವ ತನಕ ತಿಕ್ಕಬೇಕು. ಈ ಕೆಲಸ ಮಗಳಿಗೇ ಬಿಡಿ, ಹದಿನೈದು ನಿಮಿಷ ಕೈ ನೋಯಲಿ. ಹಿಟ್ಟುಗಳನ್ನು ಸೋಡಾದ ಜೊತೆ ಜರಡಿ ಹಿಡಿದು ಸೇರಿಸಿ, ನೀರು ಹಾಕದೆ, ಹೆಚ್ಚು ನಾದದೆ, ಕೂಡಿಕೊಳ್ಳುವಷ್ಟೇ ಕಲಸಿ ಅರ್ಧ ತಾಸು ಮುಚ್ಚಿಡಿ. ಲಿಂಬೆಹಣ್ಣಿಗಿಂತ ಸಣ್ಣ ಉಂಡೆ ಮಾಡಿ ತುಸು ಒತ್ತಿ, ನಡುನಡುವೆ ಅಂತರ ಬಿಟ್ಟು ಜೋಡಿಸಿ.

ಭಟ್ಟಿಯ ಅನುಕೂಲವಿಲ್ಲದವರು ದಪ್ಪ ತಳದ ಬೋಗುಣಿಯಲ್ಲಿ ಎರಡು ಬೆರಳು ಉಪ್ಪು ಹರವಿ, ಅದರ ಮೇಲೆ ಒಂದು ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ತಟ್ಟೆಯನ್ನು ಸಿಂಬಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬಿಡಿ. ತಳ ಹೊಂಬಣ್ಣಕ್ಕೆ ತಿರುಗಿ ಮೇಲೆ ಬಿರುಕು ಬಿಟ್ಟರೆ ಆಯಿತು. ಬಿಸಿ ಇರುವಾಗ ಮುಟ್ಟಿದರೆ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಲೆಯ ಮೇಲಿಡಬೇಡಿ, ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಪೂರ್ತಿ ಆರುವ ತನಕ ಪೊಟ್ಟಣ ಕಟ್ಟಬೇಡಿ.